ಲಿಯೋನ್‌ನ ರೇಷ್ಮೆ ಮಗ್ಗ, ಅದನ್ನು ಕಾಪಾಡಿಕೊಂಡ ಮನೆತನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಅಪ್ಪನಿಗೆ ನಾಲ್ಕು ಮಗ್ಗ ಇತ್ತು. ಆ ಸದ್ದಿನಲ್ಲೇ ನಮಗೆ ನಿದ್ದೆ ಬರುತ್ತಿತ್ತು. ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಫ್ರಾನ್ಸಿನ ಲಿಯೋನ್‌ಗೆ ಎರಡು ಸಲ ಹೋಗಿ ಬಂದ ಮೇಲೆ ಊರಿನವರು, ನೆಂಟರು, ಜವಳಿ ಓದುವ ಮಕ್ಕಳು ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅವಕ್ಕೆಲ್ಲ ಉತ್ತರ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾವ ಮನೆತನಗಳ ಬಗ್ಗೆ ಹೇಳುತ್ತಿದ್ದೀರಿ?

ಮುಖ್ಯವಾಗಿ ಎರಡು. ಒಂದು, ಪ್ರೆಲ್. ಶುರುವಾದದ್ದು 1752ರಲ್ಲಿ. ಈಗಲೂ ಲಿಯೋನ್‌ನ ಕ್ರ್ವಾ ರೂಸ್ ಗುಡ್ಡದ ಮೇಲೆ ಮಗ್ಗ ನಡೆಸುತ್ತಿದೆ. ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿದೆ. ಇನ್ನೊಂದು, ತಸಿನಾರಿ ಎ ಶಾತೆಲ್. ಅದರ ಬೇರು 1680ಕ್ಕೆ ಹೋಗುತ್ತದೆ. ಅದು ಈಗ ಲೆಲಿಯೆವ್ರ್ ಎಂಬ ಪ್ಯಾರಿಸ್ಸಿನ ಸಂಸ್ಥೆಯ ಜೊತೆಗಿದೆ. ಲೆಲಿಯೆವ್ರ್ ಕೂಡ 1914ರಲ್ಲಿ ಶುರುವಾದ ಕುಟುಂಬದ ವ್ಯಾಪಾರವೇ.

ಇವರು ನೇಯುವುದು ಉಡುವ ಬಟ್ಟೆಯಲ್ಲ, ಮನೆಗೆ ಹಾಕುವ ಬಟ್ಟೆ. ಪರದೆ, ಕುರ್ಚಿಯ ಹೊದಿಕೆ, ಮಂಚದ ಮೇಲ್ಕಟ್ಟು, ಗೋಡೆಗೆ ಬಿಗಿಯುವ ಬಟ್ಟೆ. ಗೋಡೆಗೆ ರೇಷ್ಮೆಯಾ ಅಂತ ನಮ್ಮಮ್ಮ ಮೂರು ಸಲ ಕೇಳಿದರು. ಹೌದು, ಗೋಡೆಗೇ. ಅರಮನೆಗಳಲ್ಲಿ ನೆಲದಿಂದ ಸೂರಿನ ತನಕ ರೇಷ್ಮೆ ಹಾಕುತ್ತಿದ್ದರು.

ಲಿಯೋನ್‌ಗೆ ರೇಷ್ಮೆ ಬಂದದ್ದು ಹೇಗೆ? ಅಲ್ಲಿ ಹುಳು ಸಾಕುತ್ತಿದ್ದರಾ?

ಮೊದಲು ಬಂದದ್ದು ಹುಳು ಅಲ್ಲ, ರಾಜರ ಲೆಕ್ಕಾಚಾರ. ಫ್ರಾನ್ಸಿನ ಶ್ರೀಮಂತರು ಇಟಲಿಯ ರೇಷ್ಮೆಗೆ ಹಣ ಸುರಿಯುತ್ತಿದ್ದರು. ಆ ಹಣ ದೇಶದಲ್ಲೇ ಉಳಿಯಲಿ ಅಂತ ಹನ್ನೊಂದನೇ ಲೂಯಿ 1466ರಲ್ಲಿ ಲಿಯೋನ್‌ನಲ್ಲಿ ನೇಯ್ಗೆ ಶುರುಮಾಡಲು ಆಜ್ಞೆ ಕೊಟ್ಟ. ಊರಿನ ವ್ಯಾಪಾರಿಗಳಿಗೆ ಇಟಲಿಯ ಸರಕು ಮಾರುವುದೇ ಲಾಭವಾಗಿತ್ತು. ಅವರು ಒಪ್ಪಲಿಲ್ಲ. ಮಗ್ಗಗಳು ತೂರ್ ಎಂಬ ಊರಿಗೆ ಹೋದವು. 1536ರಲ್ಲಿ ರಾಜ ಮೊದಲನೇ ಫ್ರಾನ್ಸ್ವಾ, ಇಟಲಿ ಕಡೆಯಿಂದ ಬಂದಿದ್ದ ಎತಿಯೆನ್ ತುರ್ಕೆ ಮತ್ತು ಅವನ ಪಾಲುದಾರನಿಗೆ ಅನುಮತಿ ಕೊಟ್ಟ ಮೇಲೆ ಲಿಯೋನ್‌ನಲ್ಲಿ ನೇಯ್ಗೆ ನೆಲೆಯೂರಿತು. 1540ರಲ್ಲಿ ಕಚ್ಚಾ ರೇಷ್ಮೆ ಲಿಯೋನ್ ಮೂಲಕವೇ ಬರಬೇಕು ಅಂತಲೂ ಆಯಿತು. ಆಮೇಲೆ ಊರು ಬೆಳೆದ ವೇಗ ಬೇರೆ.

1667ರಲ್ಲಿ ಮಂತ್ರಿ ಕೋಲ್ಬೇರ್ ಬಟ್ಟೆಯ ಗುಣಮಟ್ಟಕ್ಕೆ ಕಟ್ಟುನಿಟ್ಟಿನ ನಿಯಮ ತಂದ. ನಿಯಮ ಅಂದರೆ ಬೇಜಾರು ಅನ್ನಿಸಬಹುದು. ಆದರೆ ಲಿಯೋನ್ ರೇಷ್ಮೆ ಅಂದರೆ ಕಣ್ಣುಮುಚ್ಚಿ ಕೊಳ್ಳಬಹುದು ಎನ್ನುವ ಹೆಸರು ಬರಲು ಇದರ ಪಾಲೂ ಇದೆ.

ನಮ್ಮ ಕಡೆಯ ಬಟ್ಟೆಯನ್ನು ಫ್ರಾನ್ಸ್ ನಿಷೇಧಿಸಿತ್ತಂತೆ, ನಿಜವಾ?

ನಿಜ. 1686ರಿಂದ 1759ರ ತನಕ. ಭಾರತದ ಅಚ್ಚಿನ ಹತ್ತಿ ಬಟ್ಟೆಗೆ ಅಲ್ಲಿ ಹುಚ್ಚೆದ್ದು ಬೇಡಿಕೆ ಬಂದಿತ್ತು. ರೇಷ್ಮೆ, ಉಣ್ಣೆ ನೇಯುವವರಿಗೆ ಹೊಡೆತ ಬಿತ್ತು. ತರಿಸುವುದನ್ನೂ ನಿಷೇಧಿಸಿದರು, ಅಲ್ಲಿ ಅಚ್ಚು ಹಾಕುವುದನ್ನೂ ನಿಷೇಧಿಸಿದರು. ಜನ ಕದ್ದು ಉಟ್ಟರು.

ಜಕಾರ್ಡ್ ಅನ್ನೋದು ಮನುಷ್ಯನ ಹೆಸರಾ?

ಹೌದು! ಇದನ್ನು ಹೇಳಿದಾಗ ನಮ್ಮ ಬೀದಿಯ ಹಿರಿಯ ನೇಕಾರರೊಬ್ಬರು ಒಂದು ನಿಮಿಷ ಸುಮ್ಮನೆ ಕೂತರು. "ಐವತ್ತು ವರ್ಷ ಜಕಾರ್ಡ್ ಹಾಕಿದ್ದೀನಿ, ಅದು ಒಬ್ಬರ ಹೆಸರು ಅಂತ ಗೊತ್ತಿರಲಿಲ್ಲ" ಅಂದರು. ನಮ್ಮ ಸೀರೆಯ ಸೆರಗು, ಅಂಚು, ಬುಟ್ಟಾ ಎತ್ತುವ ಆ ಪೆಟ್ಟಿಗೆಗೆ ಹೆಸರು ಬಂದದ್ದು ಲಿಯೋನ್‌ನ ಜೋಸೆಫ್ ಮಾರಿ ಜಕಾರ್ಡ್ ಎಂಬವನಿಂದ. ಹುಟ್ಟಿದ್ದು 1752ರಲ್ಲಿ, ಪ್ರೆಲ್ ಮನೆ ಶುರುವಾದ ವರ್ಷವೇ.

ಅವನಿಗಿಂತ ಮುಂಚೆ ಹೂವು ಎತ್ತಲು ಮಗ್ಗದ ಪಕ್ಕ ಇನ್ನೊಬ್ಬರು ನಿಲ್ಲಬೇಕಿತ್ತು. ಪ್ರತಿ ಹೊಕ್ಕಿಗೂ, ಅಂದರೆ ಅಡ್ಡ ಎಳೆಗೂ, ಯಾವ ಎಳೆ ಮೇಲೇಳಬೇಕೋ ಆ ಹಗ್ಗದ ಕಟ್ಟು ಎಳೆಯಬೇಕು. ಆ ಕೆಲಸ ಹೆಚ್ಚಾಗಿ ಹೆಂಗಸರದು, ಮಕ್ಕಳದು. ಬೆನ್ನು ಮುರಿಯುವ ಕೆಲಸ. ತೂತು ಹಾಕಿದ ಕಾಗದದಿಂದ ಎಳೆ ಆರಿಸುವ ಉಪಾಯ 1725ರಲ್ಲೇ ಬಸೀಲ್ ಬೂಶೋನ್ ಹೂಡಿದ್ದ. ಮೂರು ವರ್ಷದಲ್ಲಿ ಫಾಲ್ಕೋನ್ ಅದನ್ನು ರಟ್ಟಿನ ಕಾರ್ಡಿಗೆ ತಂದ. ವೋಕಾನ್ಸೋನ್ ಅದನ್ನು ಮಗ್ಗದ ತಲೆಯ ಮೇಲೆ ಕೂರಿಸಿದ. ಇವನ್ನೆಲ್ಲ ಸೇರಿಸಿ ಜಕಾರ್ಡ್ 1804ರ ಹೊತ್ತಿಗೆ ಒಬ್ಬನೇ ನೇಕಾರ ಕಾಲಿನಿಂದ ನಡೆಸಬಲ್ಲ ಯಂತ್ರ ಮಾಡಿದ. 1805ರಲ್ಲಿ ನೆಪೋಲಿಯನ್ ಲಿಯೋನ್‌ಗೆ ಬಂದ. ಯಂತ್ರ ಸಾರ್ವಜನಿಕ ಸ್ವತ್ತಾಯಿತು, ಜಕಾರ್ಡ್‌ಗೆ ಪಿಂಚಣಿ ಸಿಕ್ಕಿತು. ಮೊದಮೊದಲು ಅದು ಸರಿಯಾಗಿ ಓಡುತ್ತಿರಲಿಲ್ಲ. ಬ್ರೆಟೋನ್ ಎಂಬ ಮೆಕ್ಯಾನಿಕ್ ರಿಪೇರಿ ಮಾಡಿದ ಮೇಲೆ ಎಲ್ಲ ಕಡೆ ಹರಡಿತು. ಅವನ ಹೆಸರು ಯಾರಿಗೂ ನೆನಪಿಲ್ಲ, ಅದು ನನಗೆ ಬೇಸರದ ಸಂಗತಿ.

1839ರಲ್ಲಿ ಜಕಾರ್ಡ್‌ನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾಯಿತು. ಲೆಕ್ಕ ಮಾಡುವ ಯಂತ್ರದ ಕನಸು ಕಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಬಳಿ ಅದರದೊಂದು ಪ್ರತಿ ಇತ್ತು. ಕಾರ್ಡಿನ ತೂತಿನಿಂದ ಲೆಕ್ಕ ಹಾಕಿಸಬಹುದು ಎನ್ನುವ ದಾರಿ ಅವನಿಗೆ ಕಂಡದ್ದು ಈ ಮಗ್ಗದಿಂದಲೇ.

ಕಾನ್ಯು ಅಂದರೆ ಯಾರು?

ಲಿಯೋನ್‌ನ ರೇಷ್ಮೆ ನೇಕಾರರಿಗೆ ಆ ಹೆಸರು. ಕ್ರ್ವಾ ರೂಸ್ ಗುಡ್ಡ ಅವರದು. ಅಲ್ಲಿನ ಹಳೆ ಮನೆ ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಎತ್ತರ. ಸೂರು ಸುಮಾರು 4 ಮೀಟರ್ ಮೇಲೆ. ಜಕಾರ್ಡ್ ಪೆಟ್ಟಿಗೆ ಮಗ್ಗದ ನೆತ್ತಿಯ ಮೇಲೆ ಕೂರುವುದರಿಂದ ಅಷ್ಟು ಎತ್ತರ ಬೇಕೇ ಬೇಕು. ಬೆಳಕಿಗೆ ಉದ್ದುದ್ದ ಕಿಟಕಿ. ಮಗ್ಗಕ್ಕೆ ಇಷ್ಟೆಲ್ಲ ಜಾಗ, ಮನೆಯವರಿಗೆ ಮೂಲೆಯಲ್ಲೊಂದು ಅಟ್ಟ. ಅಲ್ಲೇ ಮಲಗುವುದು. ನಮ್ಮ ಮನೆಯೂ ಹಾಗೇ ಇತ್ತು. ನಡುಮನೆ ಮಗ್ಗದ್ದು, ನಾವು ಅದರ ಪಕ್ಕ ಹೇಗೋ ಹೊಂದಿಕೊಂಡವರು. ಅಲ್ಲಿನ ಜನ ಮಗ್ಗದ ಸದ್ದನ್ನು "ಬಿಸ್ತಾಂಕ್ಲಾಕ್ ಪಾಂ" ಅಂತ ಬಾಯಲ್ಲಿ ಹೇಳುತ್ತಾರೆ.

ಅವರ ಬದುಕು ಸುಲಭದ್ದಲ್ಲ. ರೇಷ್ಮೆ ಕೊಡುವವನು ವ್ಯಾಪಾರಿ, ಬಟ್ಟೆ ಕೊಳ್ಳುವವನೂ ಅವನೇ, ಕೂಲಿ ಹೇಳುವವನೂ ಅವನೇ. 1831ರಲ್ಲಿ ಕನಿಷ್ಠ ಕೂಲಿಯ ಒಪ್ಪಂದ ಆಗಿತ್ತು. ಎಷ್ಟೋ ವ್ಯಾಪಾರಿಗಳು ಕೊಡಲ್ಲ ಅಂದರು. ನವೆಂಬರ್‌ನಲ್ಲಿ ನೇಕಾರರು ಗುಡ್ಡ ಇಳಿದು ಊರನ್ನೇ ಹಿಡಿದರು. ಕಪ್ಪು ಬಾವುಟದ ಮೇಲೆ "ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ" ಅಂತ ಬರೆದಿತ್ತು. 1834ರಲ್ಲಿ ಮತ್ತೆ ಎದ್ದರು. ಆಗ ಸೈನ್ಯದ ಗುಂಡಿಗೆ ನೂರಾರು ಜೀವ ಹೋಯಿತು. ಅರಮನೆಯ ರೇಷ್ಮೆಯ ಹೊಳಪನ್ನು ಮಾತ್ರ ಹೊಗಳಿ ಇದನ್ನು ಬಿಟ್ಟರೆ ಆ ಕಥೆ ಅರ್ಧ.

ಒಂದು ಹಳೆಯ ವಿನ್ಯಾಸ ಬಟ್ಟೆ ಆಗುವುದು ಹೇಗೆ?

ಚಿತ್ರಕಾರ ಬರೆದ ಹೂವನ್ನು ಹಾಗೇ ನೇಯಲು ಆಗಲ್ಲ. ಮೊದಲು ಅದನ್ನು ಚೌಕುಳಿ ಕಾಗದದ ಮೇಲೆ ದೊಡ್ಡದಾಗಿ ಬರೆಯಬೇಕು. ನಮ್ಮಲ್ಲಿ ಗ್ರಾಫ್ ಅಂತೀವಲ್ಲ, ಅದೇ. ಒಂದೊಂದು ಚೌಕವೂ ಉದ್ದಕ್ಕೆ ಹೋಗುವ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಜಾಗ. ಒಂದು ಎಲೆಯ ತುದಿ ನುಣುಪಾಗಿ ಬಾಗಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಚೌಕಗಳನ್ನು ಎಲ್ಲಿ ಮುರಿಯಬೇಕು ಅಂತ ಗೊತ್ತಿರಬೇಕು. ಇದು ಗಣಿತವೂ ಹೌದು, ಕಲೆಯೂ ಹೌದು. ಆಮೇಲೆ ಕಾರ್ಡ್ ಪಂಚಿಂಗ್. ಒಂದು ಹೊಕ್ಕಿಗೆ ಒಂದು ಕಾರ್ಡು, ಬಣ್ಣ ಜಾಸ್ತಿ ಇದ್ದರೆ ಕಾರ್ಡೂ ಜಾಸ್ತಿ. ಹೀಗೆ ಸಾವಿರಾರು ಕಾರ್ಡು ದಾರದಲ್ಲಿ ಪೋಣಿಸಿ ಸರ ಮಾಡುತ್ತಾರೆ.

ಆಮೇಲೆ ರೇಷ್ಮೆಯ ಕೆಲಸ. ನೂಲಿಗೆ ಹುರಿ ಕೊಡಬೇಕು. ಗೋಂದು ಬಿಡಿಸಲು ಸೋಪಿನ ನೀರಲ್ಲಿ ಬೇಯಿಸಬೇಕು. ಆಗ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ. ಹೊಳಪು ಬರುವುದು ಆಗಲೇ. ನಂತರ ಬಣ್ಣ, ಆಮೇಲೆ ಹಾಸು ಸುತ್ತುವುದು. ಒಳ್ಳೆ ಸ್ಯಾಟಿನ್‌ಗೆ ಒಂದು ಸೆಂಟಿಮೀಟರಿನಲ್ಲಿ ನೂರರ ಆಸುಪಾಸು ಎಳೆ ಇರುತ್ತದೆ. ಹಳೆ ಲಿಯೋನ್ ಬಟ್ಟೆಯ ಪನ್ನ ಸುಮಾರು 54 ಸೆಂಟಿಮೀಟರ್. ಅಷ್ಟರಲ್ಲೇ ಸಾವಿರಾರು ಎಳೆ. ಒಂದೊಂದನ್ನೂ ಎಳೆ ಎತ್ತುವ ದಾರದ ಕಣ್ಣಿಗೆ ಕೈಯಲ್ಲಿ ಪೋಣಿಸಿ, ಬಾಚಣಿಗೆಯಂಥ ಅಚ್ಚಿನಲ್ಲಿ ಎಳೆಯಬೇಕು. ಮೊದಲ ಲಾಳಿ ಓಡುವ ಮುಂಚೆಯೇ ತಿಂಗಳುಗಳು ಕಳೆದಿರುತ್ತವೆ.

ಎಲ್ಲಕ್ಕಿಂತ ಕಷ್ಟದ ನೇಯ್ಗೆ ಯಾವುದು?

ಹೂವಿನ ಮಖಮಲ್ಲು. ಕೈಯಲ್ಲಿ ಕುಯ್ದು ಮಾಡುವುದು. ಇದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ.

ಮಖಮಲ್ಲಿಗೆ ಎರಡು ಹಾಸು ಬೇಕು. ಒಂದು ತಳದ್ದು, ಇನ್ನೊಂದು ಮೇಲೆ ನಿಲ್ಲುವ ನಯದ್ದು. ಮಾಮೂಲಿ ಹಾಸನ್ನು ಒಂದೇ ರೋಲಿಗೆ ಸುತ್ತಬಹುದು, ಯಾಕೆಂದರೆ ಎಲ್ಲ ಎಳೆಯೂ ಒಂದೇ ಸಮ ಖರ್ಚಾಗುತ್ತದೆ. ಹೂವಿನ ಮಖಮಲ್ಲಿನಲ್ಲಿ ಹಾಗಲ್ಲ. ಹೂವು ಬಂದ ಕಡೆ ಎಳೆ ಜಾಸ್ತಿ ಹೋಗುತ್ತದೆ, ಬರೀ ನೆಲ ಇದ್ದ ಕಡೆ ಕಡಿಮೆ. ಹಾಗಾಗಿ ಮೇಲಿನ ಹಾಸಿನ ಒಂದೊಂದು ಎಳೆಗೂ ಬೇರೆ ಬೇರೆ ಕಂಡಿಕೆ, ಅಂದರೆ ನೂಲು ಸುತ್ತಿದ ಪುಟ್ಟ ಉರುಳೆ. ಮಗ್ಗದ ಹಿಂದೆ ಹೋಗಿ ನೋಡಿದರೆ ಸಾಲುಸಾಲಾಗಿ ಸಾವಿರಾರು ಪುಟ್ಟ ಕಂಡಿಕೆ, ಪ್ರತಿಯೊಂದಕ್ಕೂ ಒಂದು ಚಿಕ್ಕ ತೂಕ ನೇತುಬಿದ್ದಿರುತ್ತದೆ.

ಮುಂದೆ ನೇಕಾರ ಕೂತಿರುತ್ತಾನೆ. ಹೂವಿನ ಎಳೆ ಮೇಲೆದ್ದಾಗ ಕೆಳಗೆ ತೆಳುವಾದ ಲೋಹದ ಕಡ್ಡಿ ತೂರಿಸುತ್ತಾನೆ. ಹೊಕ್ಕು ಹಾಕಿ ಬಡಿಯುತ್ತಾನೆ. ಎಳೆಗಳು ಕಡ್ಡಿಯ ಮೇಲೆ ಕುಣಿಕೆಯಾಗಿ ನಿಲ್ಲುತ್ತವೆ. ಕಡ್ಡಿಯ ಬೆನ್ನ ಮೇಲೆ ಕೂದಲಿನಷ್ಟು ಸಣ್ಣ ಗೀರಿದೆ. ಆ ಗೀರಿನಲ್ಲಿ ಚಿಕ್ಕ ಬ್ಲೇಡು ಇಟ್ಟು ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿಗೆ ಎಳೆಯುತ್ತಾನೆ. ಕುಣಿಕೆ ಎಲ್ಲ ಕುಯ್ದುಹೋಗಿ ನಯವಾದ ಎಳೆ ನಿಲ್ಲುತ್ತದೆ. ಕಡ್ಡಿ ತಾನಾಗಿ ಕೈಗೆ ಬರುತ್ತದೆ. ಕೆಲವು ಕಡ್ಡಿ ಗುಂಡಗಿರುತ್ತವೆ, ಅವನ್ನು ಕುಯ್ಯದೆ ಸುಮ್ಮನೆ ಎಳೆದುಕೊಳ್ಳುತ್ತಾರೆ. ಅಲ್ಲಿ ಕುಣಿಕೆ ಹಾಗೇ ಉಳಿಯುತ್ತದೆ. ಕುಯ್ದದ್ದು ಗಾಢವಾಗಿ, ಕುಯ್ಯದ್ದು ತಿಳಿಯಾಗಿ ಕಾಣುತ್ತದೆ. ಒಂದೇ ಬಣ್ಣದಲ್ಲಿ ಎರಡು ಬಣ್ಣ!

ಬ್ಲೇಡು ಒಂಚೂರು ಜಾರಿತು ಅಂದರೆ ತಳದ ಹಾಸೂ ಕುಯ್ದುಹೋಗುತ್ತದೆ. ಆವತ್ತಿನ ಕೆಲಸ ಅಲ್ಲ, ಇಡೀ ತುಂಡೇ ಹಾಳು. ಅದಕ್ಕೇ ಮಖಮಲ್ಲಿನ ಮಗ್ಗದ ಹತ್ತಿರ ಯಾರೂ ಮಾತಾಡಲ್ಲ.

ದಿನಕ್ಕೆ ಎಷ್ಟು ನೇಯುತ್ತಾರೆ? ಬೆಲೆ ಎಷ್ಟು?

ಇಂಥ ಮಖಮಲ್ಲು ದಿನಕ್ಕೆ ಕೆಲವೇ ಸೆಂಟಿಮೀಟರ್. ಒಂದು ಕೋಣೆಗೆ ಬೇಕಾದಷ್ಟು ನೇಯಲು ವರ್ಷಗಳು ಹಿಡಿಯುತ್ತವೆ. ಬೆಲೆ ಮೀಟರಿಗೆ ಸಾವಿರಾರು ಯೂರೋ. ದುಬಾರಿ ಅನ್ನಿಸುತ್ತದೆ. ಆದರೆ ದಿನಗೂಲಿ ಲೆಕ್ಕ ಹಾಕಿ ನೋಡಿ, ಹಣ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ.

ಹಾಗಾದರೆ ಎಲ್ಲವನ್ನೂ ಕೈಮಗ್ಗದಲ್ಲೇ ನೇಯುತ್ತಾರಾ?

ಇಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಇಲ್ಲಿಯೇ ಗುಟ್ಟಿರುವುದು. ಈ ಮನೆಗಳಲ್ಲಿ ಯಂತ್ರಮಗ್ಗವೂ ಇದೆ, ಕೈಮಗ್ಗವೂ ಇದೆ. ಹೋಟೆಲಿಗೆ, ದೊಡ್ಡ ಬಂಗಲೆಗೆ, ಒಳಾಂಗಣ ವಿನ್ಯಾಸಗಾರರಿಗೆ ಹೋಗುವ ಬಟ್ಟೆಯ ಬಹುಪಾಲು ಯಂತ್ರದ್ದು. ದಿನದ ಅನ್ನ ಅಲ್ಲಿಂದ. ಕೈಮಗ್ಗ ಇರುವುದು ಯಂತ್ರಕ್ಕೆ ಆಗದ ಕೆಲಸಕ್ಕೆ.

ನಮ್ಮಲ್ಲಿ ಕೈಮಗ್ಗ ಉಳಿಸಿ ಅಂದಾಗ ಯಂತ್ರಮಗ್ಗವನ್ನು ಶತ್ರು ಅಂತ ತಿಳಿಯುತ್ತೇವೆ. ಒಂದರ ಹೆಸರಲ್ಲಿ ಇನ್ನೊಂದನ್ನು ಮಾರಿದರೆ ಅದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಸೂರಿನ ಕೆಳಗೆ, ಯಾವುದು ಯಾವುದೆಂದು ನಿಜ ಹೇಳಿ ಎರಡನ್ನೂ ನಡೆಸಿದ್ದರಿಂದಲೇ ಲಿಯೋನ್‌ನ ಕೈಮಗ್ಗ ಬದುಕಿದೆ. ಮ್ಯೂಸಿಯಂನಲ್ಲಿಟ್ಟ ಮಗ್ಗ ನೋಡಲು ಚೆನ್ನಾಗಿರುತ್ತದೆ, ಆದರೆ ಆರ್ಡರ್ ಇಲ್ಲದ ಮಗ್ಗದಲ್ಲಿ ಕೈ ಪಳಗುವುದಿಲ್ಲ.

ವರ್ಸೇಲ್ಸ್ ಅರಮನೆಗೆ ಇವರೇ ನೇಯ್ದದ್ದಾ?

ರಾಜರ ಕಾಲದಲ್ಲೂ ಲಿಯೋನ್‌ನಿಂದ ಹೋಗುತ್ತಿತ್ತು, ನಮ್ಮ ಕಾಲದಲ್ಲೂ ಹೋಗಿದೆ. ನಡುವೆ ಆದದ್ದು ದೊಡ್ಡ ನಷ್ಟ. ಕ್ರಾಂತಿಯ ಸಮಯದಲ್ಲಿ, 1793ರ ಆಗಸ್ಟ್‌ನಿಂದ ಹೆಚ್ಚುಕಡಿಮೆ ಒಂದು ವರ್ಷ, ವರ್ಸೇಲ್ಸ್‌ನ ಸಾಮಾನುಗಳನ್ನು ಹರಾಜು ಹಾಕಿದರು. 17,000ಕ್ಕೂ ಹೆಚ್ಚು ಬಾಬ್ತು. ಚಿನ್ನ ಬೆಳ್ಳಿಯ ಎಳೆಯಿದ್ದ ಎಷ್ಟೋ ಜವಳಿಯನ್ನು ಲೋಹಕ್ಕಾಗಿ ಸುಟ್ಟರು.

ಇದನ್ನು ಓದಿದಾಗ ನನಗೆ ನಮ್ಮ ಬೀದಿಯಲ್ಲಿ "ಹಳೇ ಜರಿ ಸೀರೆ ಕೊಳ್ತೀವಿ" ಅಂತ ಕೂಗುತ್ತ ಬರುವವರ ದನಿ ಕೇಳಿತು. ಅಜ್ಜಿಯ ಮದುವೆ ಸೀರೆಯಲ್ಲಿ ಇರುವ ಬೆಳ್ಳಿಗೆ ಅವರು ಬೆಲೆ ಕಟ್ಟುತ್ತಾರೆ. ಸೀರೆ ಬೂದಿಯಾಗುತ್ತದೆ.

ರಾಣಿ ಮಾರಿ ಆಂಟೊನೆಟ್ 1789ರಲ್ಲಿ ಬಿಟ್ಟುಹೋದ ಮಲಗುವ ಕೋಣೆಯ ಗೋಡೆಯ ರೇಷ್ಮೆಯನ್ನು ಹಳೆಯ ಮಾದರಿ ಹಿಡಿದು ಲಿಯೋನ್‌ನಲ್ಲಿ ಮತ್ತೆ ನೇಯ್ದರು. 1975ರಲ್ಲಿ ಕೋಣೆ ಸಿದ್ಧವಾಯಿತು. ಹೂಗೊಂಚಲು, ರಿಬ್ಬನ್ನು, ನವಿಲುಗರಿ. ನವಿಲುಗರಿ ಕಂಡಾಗ ಯಾಕೋ ನಮ್ಮನೆಯ ಯಾವುದೋ ಸೀರೆ ನೋಡಿದ ಹಾಗಾಯಿತು. ರಾಜನ ಮಲಗುವ ಕೋಣೆ 1980ರಲ್ಲಿ ಮುಗಿಯಿತು.

ಇನ್ನೂರು ವರ್ಷ ಹಳೆಯ ವಿನ್ಯಾಸ ಅವರಿಗೆ ಸಿಗುವುದು ಎಲ್ಲಿಂದ?

ಅವರ ಬೀರುಗಳಿಂದಲೇ. ನೇಯ್ದ ಬಟ್ಟೆಯದೊಂದು ತುಂಡು ಕತ್ತರಿಸಿ ಪುಸ್ತಕಕ್ಕೆ ಅಂಟಿಸುವುದು, ಪಕ್ಕದಲ್ಲಿ ನಂಬರು, ಎಳೆಯ ಲೆಕ್ಕ ಬರೆಯುವುದು, ಗ್ರಾಫ್ ಕಾಗದ ಸುತ್ತಿಡುವುದು, ಆರ್ಡರ್ ಪುಸ್ತಕ ಜೋಪಾನ ಮಾಡುವುದು. ತಲೆಮಾರಿನಿಂದ ತಲೆಮಾರಿಗೆ ಇದನ್ನು ಬಿಡದೆ ಮಾಡಿದ್ದಾರೆ. ಬಾಗಿಲು ಮುಚ್ಚಿದ ಬೇರೆ ಮನೆಗಳ ಮಾದರಿ ಪುಸ್ತಕಗಳನ್ನು ಕೊಂಡುಕೊಳ್ಳುವ ಪದ್ಧತಿಯೂ ಈ ಧಂಧೆಯಲ್ಲಿದೆ.

ನನ್ನ ಮಟ್ಟಿಗೆ ಮಗ್ಗಕ್ಕಿಂತ ದೊಡ್ಡ ಆಸ್ತಿ ಇದು. ಮಗ್ಗ ಮುರಿದರೆ ಬಡಗಿ ಇನ್ನೊಂದು ಮಾಡಿಕೊಡುತ್ತಾನೆ. ಗ್ರಾಫ್ ಹೋದರೆ ಹೋಯಿತು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ರಟ್ಟಿನ ಕಾರ್ಡೇ ಬೇಡದ ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ವರ್ಷ, ಅಟ್ಟದ ಮೇಲಿದ್ದ ಹಳೆ ಕಾರ್ಡಿನ ಸರಗಳನ್ನೆಲ್ಲ ಅಪ್ಪ ಗುಜರಿಗೆ ಕೊಟ್ಟರು. ಕೆಜಿ ಲೆಕ್ಕದಲ್ಲಿ ತೂಗಿ ಗಾಡಿಗೆ ಹಾಕಿಕೊಂಡು ಹೋದರು. ಅದರಲ್ಲಿ ತಾತನ ಕಾಲದ ಹಂಸದ ಅಂಚಿತ್ತು. ನಾನೂ ಅವತ್ತು ಚೀಲ ಹಿಡಿದುಕೊಂಡು ನಿಂತಿದ್ದೆ. ಜಾಗ ಸಿಕ್ಕಿತಲ್ಲ ಅಂತ ಖುಷಿಯೇ ಆಗಿತ್ತು. ಪ್ರೆಲ್‌ನಂಥ ಮನೆಯವರು ಅದೇ ರಟ್ಟು, ಅದೇ ಕಾಗದವನ್ನು ಯುದ್ಧ, ಕ್ರಾಂತಿ, ನಷ್ಟ ಎಲ್ಲದರ ನಡುವೆ ಇಟ್ಟುಕೊಂಡರು ಅಂತ ತಿಳಿದಾಗ ನನಗೆ ಗಂಟಲು ಕಟ್ಟಿತು.

ಮತ್ತೆ ನೇಯುವಾಗ ಬಣ್ಣ ಹೇಗೆ ಗೊತ್ತಾಗುತ್ತದೆ? ಹಳೆ ಬಟ್ಟೆ ಮಾಸಿರುತ್ತದಲ್ಲ?

ಮಾಸಿರುತ್ತದೆ. ಆದರೆ ಹೊಲಿಗೆಯ ಒಳಗೆ ಮಡಚಿದ ಅಂಚು, ಮೊಳೆಯ ಕೆಳಗೆ ಸಿಕ್ಕ ತುಂಡು, ಬಟ್ಟೆಯ ಹಿಂಬದಿ, ಇಲ್ಲಿಗೆ ಬಿಸಿಲು ಬಿದ್ದಿರಲ್ಲ. ಅಲ್ಲಿ ಹುಡುಕಿದರೆ ಹುಟ್ಟಿದ ಬಣ್ಣ ಸಿಗುತ್ತದೆ. ತಿಳಿ ಗುಲಾಬಿ ಅಂದುಕೊಂಡದ್ದು ಕಡುಗೆಂಪಾಗಿರುತ್ತದೆ. ಆ ತುಂಡಿನ ಪಕ್ಕ ಹೊಸ ನೂಲಿಟ್ಟು, ಹಗಲು ಬೆಳಕಿನಲ್ಲಿ ಹೋಲಿಸಿ, ಮತ್ತೆ ಮತ್ತೆ ಅದ್ದಿ ಬಣ್ಣ ಕೂಡಿಸುತ್ತಾರೆ.

ಇಲ್ಲೊಂದು ಜಗಳವಿದೆ. ಹೊಸದಾಗಿದ್ದಾಗಿನ ಬಣ್ಣವೇ ಇರಲಿ ಅಂತ ಕೆಲವರು. ಸುತ್ತಲಿನ ಹಳೆ ಸಾಮಾನಿಗೆ ಹೊಂದುವ ಹಾಗೆ ಸ್ವಲ್ಪ ಮಂಕು ಇರಲಿ ಅಂತ ಇನ್ನು ಕೆಲವರು. ನಾನು ಮೊದಲನೆಯವರ ಕಡೆ. ನೇಕಾರ ಕಂಡ ಬಣ್ಣ ನಮಗೂ ಕಾಣಲಿ.

ಕುಟುಂಬವೇ ನಡೆಸಬೇಕಾ? ದೊಡ್ಡ ಕಂಪನಿ ಕೊಂಡರೆ ಇನ್ನೂ ಒಳ್ಳೆಯದಲ್ವಾ?

ಒಂದೇ ಮಾತಿನ ಉತ್ತರ ಇಲ್ಲ. ದೊಡ್ಡ ಗುಂಪಿನ ಹಣದಿಂದ ಉಳಿದ ಮಗ್ಗಗಳೂ ಫ್ರಾನ್ಸಿನಲ್ಲಿವೆ. ವಾರಸುದಾರರಿಲ್ಲದೆ, ಅಣ್ಣತಮ್ಮಂದಿರ ಜಗಳದಲ್ಲಿ ಮುಚ್ಚುವ ಕುಟುಂಬದ ಮನೆಗಳು ಎಲ್ಲ ದೇಶದಲ್ಲೂ ಇವೆ.

ಆದರೂ ಈ ಕೆಲಸಕ್ಕೆ ಕುಟುಂಬ ಒಗ್ಗುತ್ತದೆ, ಯಾಕೆಂದರೆ ಇಲ್ಲಿ ಕಾಯಬೇಕು. ಒಬ್ಬ ನೇಕಾರ ತಯಾರಾಗಲು ವರ್ಷಗಳು, ಒಂದು ಆರ್ಡರ್ ಮುಗಿಯಲು ವರ್ಷಗಳು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಹೂಡಿಕೆದಾರನಿಗೆ ಖಾಲಿ ಕೂತ ಮಗ್ಗ ದಂಡ ಅನ್ನಿಸುತ್ತದೆ. ಮನೆಯವರಿಗೆ ಹಾಗಲ್ಲ. ಇವತ್ತು ಕೆಲಸ ಇಲ್ಲ, ಮಗನ ಕಾಲಕ್ಕೆ ಬರಬಹುದು ಅಂತ ಎಣ್ಣೆ ಹಾಕಿ ಇಡುತ್ತಾರೆ.

ಸರ್ಕಾರ ಏನು ಸಹಾಯ ಮಾಡುತ್ತದೆ?

ಮೂರು ದಾರಿ ಇದೆ. ಸರ್ಕಾರವೇ ಗಿರಾಕಿ ಆಗುವುದು ಮೊದಲನೆಯದು. ಅರಮನೆ, ಸರ್ಕಾರಿ ಕಟ್ಟಡಗಳಿಗೆ ಬೇಕಾದ ಜವಳಿಗೆ ಆರ್ಡರ್ ಕೊಡುತ್ತದೆ. ನೆಪೋಲಿಯನ್ ಕೂಡ ಕ್ರಾಂತಿಯಲ್ಲಿ ನೆಲಕಚ್ಚಿದ್ದ ಲಿಯೋನ್ ಮಗ್ಗಗಳನ್ನು ದೊಡ್ಡ ದೊಡ್ಡ ಆರ್ಡರ್ ಕೊಟ್ಟೇ ಎಬ್ಬಿಸಿದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಹಾಯ ಇದು. ದುಡಿದವನಿಗೆ ಕೆಲಸ ಕೊಟ್ಟರೆ ಮರ್ಯಾದೆಯೂ ಉಳಿಯುತ್ತದೆ.

ಎರಡನೆಯದು, 2005ರ ಕಾಯ್ದೆಯಿಂದ ಬಂದ "ಜೀವಂತ ಪರಂಪರೆಯ ಸಂಸ್ಥೆ" ಎಂಬ ಮುದ್ರೆ. ಅಪರೂಪದ ಕೈಕೆಲಸ ಉಳಿಸಿಕೊಂಡ ಸಂಸ್ಥೆಗೆ ಐದು ವರ್ಷಕ್ಕೆ ಕೊಡುತ್ತಾರೆ, ಮತ್ತೆ ಪರೀಕ್ಷೆ ಮಾಡಿ ಮುಂದುವರಿಸುತ್ತಾರೆ. ಮೂರನೆಯದು ತೆರಿಗೆ. ಅಪ್ಪನಿಂದ ಮಗಳಿಗೆ ವ್ಯಾಪಾರ ಹೋಗುವಾಗ ಬೀಳುವ ತೆರಿಗೆ ಕಟ್ಟಲು ವ್ಯಾಪಾರವನ್ನೇ ಮಾರಬೇಕಾದ ಸ್ಥಿತಿ ಬರುತ್ತಿತ್ತು. 2003ರ ಕಾಯ್ದೆಯ ನಂತರ, ಕೆಲವು ವರ್ಷ ಪಾಲು ಮಾರುವುದಿಲ್ಲ ಅಂತ ಬರೆದುಕೊಟ್ಟರೆ ಬೆಲೆಯ ದೊಡ್ಡ ಭಾಗಕ್ಕೆ ವಿನಾಯಿತಿ ಇದೆ.

ಹೊಸಬರು ಕಲಿಯುತ್ತಿದ್ದಾರಾ?

ಕಲಿಯುತ್ತಿದ್ದಾರೆ, ಆದರೆ ಸಂಖ್ಯೆ ತೀರಾ ಕಡಿಮೆ. ಜವಳಿ ಶಾಲೆಯಲ್ಲಿ ಯಂತ್ರ, ವಿನ್ಯಾಸ, ಕಂಪ್ಯೂಟರ್ ಕಲಿಸುತ್ತಾರೆ. ಕೈಮಖಮಲ್ಲು ಕಲಿಯಬೇಕಾದರೆ ಮಗ್ಗದ ಪಕ್ಕವೇ ಕೂರಬೇಕು. 1994ರಿಂದ ಅಲ್ಲಿನ ಸಂಸ್ಕೃತಿ ಇಲಾಖೆ ಅಪರೂಪದ ಕುಶಲಕರ್ಮಿಗಳಿಗೆ "ಕಲೆಯ ಗುರು" ಎಂಬ ಬಿರುದು ಕೊಡುತ್ತದೆ. ಬಿರುದಿನ ಜೊತೆ ಷರತ್ತೂ ಇದೆ. ಶಿಷ್ಯರನ್ನು ಇಟ್ಟುಕೊಂಡು ವಿದ್ಯೆ ಕೊಡಬೇಕು.

ಒಳ್ಳೆಯ ಸುದ್ದಿ ಅಂದರೆ ಈಗ ಹೆಣ್ಣುಮಕ್ಕಳು ಬರುತ್ತಿದ್ದಾರೆ. ನಾನು ನೋಡಿದ ಮಗ್ಗದಲ್ಲೂ ಹಿರಿಯ ನೇಕಾರನ ಪಕ್ಕ ನಿಂತು ಕಡ್ಡಿ ಎಣಿಸುತ್ತಿದ್ದದ್ದು ಇಪ್ಪತ್ತರ ಹರೆಯದ ಹುಡುಗಿ.

ರೇಷ್ಮೆ ನೂಲು ಈಗ ಎಲ್ಲಿಂದ ಬರುತ್ತದೆ?

ಹೊರಗಿನಿಂದ, ಮುಖ್ಯವಾಗಿ ಚೀನಾ ಮತ್ತು ಬ್ರೆಜಿಲ್‌ನಿಂದ. ಒಂದು ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ಹಳ್ಳಿಹಳ್ಳಿಯಲ್ಲೂ ಹಿಪ್ಪುನೇರಳೆ ತೋಟವಿತ್ತು. 1853ರಲ್ಲಿ 26,000 ಟನ್ ಗೂಡು ಬಂತು. 1865ಕ್ಕೆ ಅದು ಸುಮಾರು 4,000 ಟನ್ನಿಗೆ ಕುಸಿಯಿತು. ಕಾರಣ ಪೆಬ್ರಿನ್. ನಮ್ಮ ರೇಷ್ಮೆ ಬೆಳೆಗಾರರು ಗಂಟು ರೋಗ ಅಂತಾರಲ್ಲ, ಅದೇ.

ಅದಕ್ಕೆ ದಾರಿ ತೋರಿಸಿದವನು ಲೂಯಿ ಪಾಸ್ತರ್. 1865ರಿಂದ ಅಲೆಸ್ ಎಂಬ ಊರಿನ ಕಡೆ ಹೋಗಿ ಐದು ವರ್ಷ ಹುಳುಗಳ ಜೊತೆ ಕೆಲಸ ಮಾಡಿದ. ಉಪಾಯ ಸರಳ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆ ಸುಡು. ಕರ್ನಾಟಕದ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ಇವತ್ತೂ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತದೆ. ಅದರ ಮೂಲ ಇಲ್ಲಿದೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿಗೂ ಲಿಯೋನ್ ಮಗ್ಗಕ್ಕೆ ನೂಲು ಕೊಟ್ಟ ಆ ಹಳ್ಳಿಗಳ ಸಂಕಟಕ್ಕೂ ಹೀಗೊಂದು ನಂಟು.

ಫ್ರಾನ್ಸಿನ ಬೆಳೆ ಮಾತ್ರ ಮೊದಲಿನ ಹಾಗೆ ಏಳಲಿಲ್ಲ. ಲಿಯೋನ್ ವ್ಯಾಪಾರಿಗಳು ಚೀನಾ, ಜಪಾನ್ ಕಡೆ ಹೊರಳಿದರು. 1872ರಲ್ಲಿ ಜಪಾನಿನ ತೊಮಿಯೊಕಾದಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಕಾರ್ಖಾನೆ ಕಟ್ಟಿಸಿಕೊಟ್ಟದ್ದು ಫ್ರಾನ್ಸಿನ ಪೋಲ್ ಬ್ರುನಾ.

ಲಿಯೋನ್‌ಗೆ ಹೋದರೆ ಏನು ನೋಡಬಹುದು?

ಮಗ್ಗ ಓಡುವುದನ್ನು ನೋಡಬೇಕಾದರೆ ಕ್ರ್ವಾ ರೂಸ್‌ನ ಮೆಜೋಂ ದೆ ಕಾನ್ಯು. ಅಲ್ಲಿ ವಿವರಿಸಿ ತೋರಿಸುತ್ತಾರೆ. ಅಲ್ಲೇ ಸ್ವಾರಿ ವಿವಾಂತ್ ಎಂಬ ಸಂಘದವರು ಹಳೆ ನೇಕಾರರ ಮನೆಯನ್ನು ಮಗ್ಗದ ಸಮೇತ ಉಳಿಸಿಕೊಂಡಿದ್ದಾರೆ. ಹೋಗುವಾಗ ಕಾನ್ಯು ಗೋಡೆ ನೋಡಿ, 1,200 ಚದರ ಮೀಟರಿನ ಚಿತ್ರ, 1987ರಲ್ಲಿ ಬರೆದದ್ದು. ಕಟ್ಟಡದಿಂದ ಕಟ್ಟಡಕ್ಕೆ ಹಾಯುವ ಒಳದಾರಿಗಳಿವೆ, ಟ್ರಾಬೂಲ್ ಅಂತಾರೆ. ಜನ ಅಲ್ಲಿ ವಾಸವಿದ್ದಾರೆ, ಗಲಾಟೆ ಮಾಡಬೇಡಿ.

ಲಿಯೋನ್‌ನ ಜವಳಿ ಮ್ಯೂಸಿಯಂ ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಒಂದು. ಹಣವಿಲ್ಲದೆ ಅದು ಮುಚ್ಚುವ ಹಂತಕ್ಕೆ ಬಂದಿತ್ತು. ಜನ ದನಿಯೆತ್ತಿದರು, ಪ್ರಾಂತ್ಯದ ಸರ್ಕಾರ ವಹಿಸಿಕೊಂಡಿತು. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ. ಪ್ರೆಲ್, ತಸಿನಾರಿ ಕೆಲಸದ ಜಾಗಗಳು, ಸುಮ್ನೆ ಬಾಗಿಲು ತಟ್ಟಿ ಒಳಗೆ ಹೋಗಲು ಆಗಲ್ಲ.

ನಮ್ಮ ಮನೆಯಲ್ಲಿ ಅಜ್ಜಿಯ ಜರಿ ಸೀರೆ ಇದೆ, ಹರಿದಿದೆ. ಮಾರಬಹುದಾ?

ನಿಮ್ಮ ಇಷ್ಟ, ಹಣದ ಕಷ್ಟ ಯಾರಿಗಿಲ್ಲ. ಆದರೆ ಮಾರುವ ಮುಂಚೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಹಗಲು ಬೆಳಕಿನಲ್ಲಿ ನೆಲದ ಮೇಲೆ ಹಾಸಿ. ಅಂಚು, ಸೆರಗು, ಬುಟ್ಟಾ, ಮೂರರದ್ದೂ ನೇರ ಮೇಲಿನಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲು ಇಟ್ಟು. ಹಿಂಬದಿಯದೂ ತೆಗೆಯಿರಿ, ಯಾಕೆಂದರೆ ಎಳೆ ಎಲ್ಲಿ ಹೋಯಿತು ಅಂತ ನೇಕಾರನಿಗೆ ಗೊತ್ತಾಗುವುದು ಹಿಂಬದಿಯಿಂದ. ಒಂದು ಗೇಣು ಅಂಚನ್ನು ಬುಟ್ಟಾ ಸಮೇತ ಕತ್ತರಿಸಿ, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಬೇಡ. ಯಾರ ಸೀರೆ, ಯಾವ ಊರಿನಲ್ಲಿ ಕೊಂಡದ್ದು, ಯಾವ ಮದುವೆಗೆ ಉಟ್ಟದ್ದು, ಗೊತ್ತಿದ್ದಷ್ಟು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ.

ನಮ್ಮ ತಾತನ ಹಂಸದ ಅಂಚು ಹೀಗೇ ಸಿಕ್ಕಿದ್ದು. ಚಿಕ್ಕತ್ತೆಯ ಟ್ರಂಕಿನಲ್ಲಿ, ಕೂಸಿಗೆ ಹೊಲಿದ ಲಂಗದ ಅಂಚಿನಲ್ಲಿ ಒಂಬತ್ತು ಹಂಸ ಉಳಿದಿತ್ತು. ಈಗ ಅದನ್ನು ಗ್ರಾಫ್ ಕಾಗದಕ್ಕೆ ಇಳಿಸುತ್ತಿದ್ದೇನೆ. ಆರನೇ ಹಂಸದ ಕೊಕ್ಕಿನ ಹತ್ತಿರ ಒಂದು ಎಳೆ ಹೇಗೆ ಹೋಗಿದೆ ಅಂತ ಬಿಡಿಸಲು ಆಗಿಲ್ಲ. ಭಾನುವಾರ ಆ ಹಿರಿಯ ನೇಕಾರರು ಬಂದು ನೋಡುತ್ತೀನಿ ಅಂದಿದ್ದಾರೆ.